ಎರಡು ಫೂಟಿನ ಜೋಡಣೆ

ರಾಡಿಗೆ ರಾಡು ಕೂಡಿಸುವ ಕೆಲಸ ಬಂದರೆ ನನ್ನ ತಲೆ ಕೆಡುವುದು ಇವತ್ತಿನದಲ್ಲ. ಡಿಪ್ಲೊಮಾ ಮುಗಿಸಿ ಧಾರವಾಡದಿಂದ ಗೋವಾಕ್ಕೆ ಬಂದು, ಸಾಂಕೋಲೆಯಲ್ಲಿ ಒಂದು ಕಟ್ಟಡಕ್ಕೆ ಸೂಪರ್‌ವೈಸರ್ ಆದ ಮೊದಲ ತಿಂಗಳೇ ಇದು ಶುರುವಾಯಿತು.

೧. ಆರು ಮೊಳ

ಸ್ಲ್ಯಾಬಿಗೆ ಹಾಕುವ ರಾಡು ಉದ್ದ ಸಾಲದಿದ್ದರೆ ಇನ್ನೊಂದನ್ನು ಕೂಡಿಸಬೇಕು. ಕೂಡುವ ಕಡೆ ಎರಡೂ ರಾಡು ಎರಡು ಫೂಟಿನಷ್ಟು ಪಕ್ಕಪಕ್ಕ ಇರಬೇಕು, ಆಮೇಲೆ ತಂತಿ ಬಿಗಿಯಬೇಕು. ಇದಕ್ಕೆ ಲ್ಯಾಪ್ ಎನ್ನುತ್ತಾರೆ. ರಾಡು ಕಟ್ಟುವ, ವಿಜಾಪುರದ ಕಡೆಯ ಮಿಸ್ತ್ರಿಗೆ ಹೇಳಿದೆ.

"ಗೊತ್ತೈತ್ರಿ ಸಾಹೇಬ್ರ, ಒಂದು ಮೊಳ, ಮ್ಯಾಲೊಂದು ಚೋಟು" ಎಂದ.

ಅವತ್ತು ಬಂದಿದ್ದ ಅವನ ಆರೂ ಆಳುಗಳು ತಂತಮ್ಮ ಕೈ ಚಾಚಿ ಅಳೆದರು. ಟೇಪ್ ಹಿಡಿದರೆ ಆರು ಬಗೆಯ ಅಳತೆ!

"ಇದರಾಗ ಯಾರ ಮೊಳ ಖರೇದು?" ಎಂದೆ.

ಮಿಸ್ತ್ರಿ ಆರೂ ಮಂದಿಯ ಕೈ ನೋಡಿ, "ಖರೇ ಮೊಳದಾಂವ ಇವತ್ತು ರಜಾ ಅದಾನ್ರಿ" ಎಂದ.

೨. ಕುಗ್ಗುವ ಕೋಲು

ಸರಿಯಾಗಿ ಎರಡು ಫೂಟಿನ ಕಟ್ಟಿಗೆಯ ಕೋಲು ಮಾಡಿಸಿ ಕೊಟ್ಟೆ. ಇನ್ನು ಚಿಂತೆಯಿಲ್ಲ ಅಂದುಕೊಂಡೆ.

ಹದಿನೈದು ದಿನಕ್ಕೆ ಎಂಜಿನಿಯರ್ ಸಾಹೇಬರು ಬಂದರು. ಮಡಗಾಂವದವರು, ಸಿಟ್ಟು ಮೂಗಿನ ತುದಿಯಲ್ಲೇ. ಟೇಪ್ ಹಿಡಿದರು. ಮೊದಲ ಸಾಲಿನ ಲ್ಯಾಪ್ ಸರಿ. ನಡುವಿನ ಸಾಲು ಒಂದಿಂಚು ಕಡಿಮೆ. ಕೊನೆಯ ಸಾಲು ಎರಡಿಂಚು.

"ನಾಳೆ ಬೆಳಿಗ್ಗೆ ಇದು ಸರಿ ಇಲ್ಲದಿದ್ದರೆ ಕಾಂಕ್ರೀಟೂ ಇಲ್ಲ, ನೀನೂ ಇಲ್ಲ" ಎಂದು ಹಿಂದಿಯಲ್ಲಿ ಬೈದು ಹೋದರು.

ಒಂದೇ ತಿಂಗಳಿಗೆ ಊರಿಗೆ ಯಾವ ಮುಖ ಹೊತ್ತು ಹೋಗಲಿ? ಕೋಲು ಅದೇ, ಮಂದಿ ಅದೇ, ಲ್ಯಾಪ್ ಹೇಗೆ ಕುಗ್ಗಿತು? ಏನೂ ತಿಳಿಯದೆ ಕೋಲನ್ನೇ ಅಳೆದೆ. ಎರಡಿಂಚು ಗಿಡ್ಡ!

"ರಾಡಿಗೆ ಬಡದು ಬಡದು ತುದಿ ಸೀಳತಿತ್ರಿ" ಎಂದ ಮಿಸ್ತ್ರಿ. "ಸಾಹೇಬ್ರು ಕೊಟ್ಟ ಕೋಲು ಹೊಲಸ ಕಾಣಬಾರದಂತ ದಿನಾ ಚೂರು ಕೊಯ್ದು ಚಂದ ಇಟ್ಟೇನ್ರಿ."

೩. ಕಬ್ಬಿಣದ ಅಳತೆ

ನಾನೇ ಟೇಪ್ ಹಿಡಿದು ನಿಂತು, ಸಂಜೆಯೊಳಗೆ ಎಲ್ಲವನ್ನೂ ಬಿಚ್ಚಿ ಕಟ್ಟಿಸಿದೆ. ಹೋಗುವಾಗ ಮಿಸ್ತ್ರಿಗೆ, "ಇನ್ನ ಕಟ್ಟಿಗಿ ಬ್ಯಾಡ್ರಿ. ರಾಡಿನ ತುಂಡಿಲೆ ಎರಡು ಫೂಟಿನ ಅಳತಿ ಮಾಡ್ರಿ" ಎಂದೆ.

ಬೆಳಿಗ್ಗೆ ಸಾಹೇಬರು ಅಳೆದರು. ಎಲ್ಲ ಸರಿ ಇತ್ತು. "ಅಳತೆ ಕೋಲು ತೋರಿಸು" ಎಂದರು. ಮಿಸ್ತ್ರಿ ಹೆಮ್ಮೆಯಿಂದ ತಂದ. ನೋಡಿದರೆ ಎರಡು ರಾಡಿನ ತುಂಡು, ಉದ್ದಕ್ಕೂ ತಂತಿ ಸುತ್ತಿ ಬಿಗಿದಿತ್ತು.

"ಎರಡು ಯಾಕ್ರಿ?" ಎಂದೆ.

"ಮೊದಲ ಸಿಕ್ಕ ತುಂಡು ಎರಡಿಂಚು ಕಡಿಮಿ ಬಿತ್ರಿ. ಉದ್ದ ಸಾಲದಿದ್ರ ಇನ್ನೊಂದು ಕೂಡಸಬೇಕು, ಲ್ಯಾಪ್ ಎರಡು ಫೂಟು ಬೇಕಂತ ನೀವ ಹೇಳೀರಿ. ಅದಕ್ಕ ಎರಡು ಫೂಟಿಂದು ಹುಡುಕಿ ಕೂಡಿಸೇನಿ."

"ಮತ್ತ ಆ ಎರಡು ಫೂಟಿಂದೊಂದ ಸಾಕಿತ್ತಲ್ರಿ!"

ಮಿಸ್ತ್ರಿ ನನ್ನನ್ನು ಮರುಕದಿಂದ ನೋಡಿದ. "ಅದೊಂದನ್ನ ಇಟ್ರ ಗಿಡ್ಡಂದು ಉದ್ದ ಹೆಂಗ ಆಗತೈತ್ರಿ?"

ಸಾಹೇಬರಿಗೆ ಹಿಂದಿಯಲ್ಲಿ ತಿಳಿಸಿದೆ. ಅವರು ಆ ಜೋಡಿ ರಾಡನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ಕಾಂಕ್ರೀಟ್ ಹಾಕಿಸು. ಇವನಿಗೆ ಇದು ತಿಳಿಯುವ ತನಕ ನೀನು ಕೆಲಸ ಬಿಡುವ ಹಾಗಿಲ್ಲ" ಎಂದರು.

ಆ ಕೆಲಸದಲ್ಲಿ ನಾನು ಎಂಟು ವರ್ಷ ಇದ್ದೆ.