ಲಂಡನ್ ತುತ್ತೂರಿಗೆ ಕೊಬ್ಬರಿ ಎಣ್ಣೆ

ಅಸಲಿ ಮಾಲು ಯಾವುದು, ನಕಲಿ ಯಾವುದು ಎಂದು ಪತ್ತೆ ಹಚ್ಚುವುದರಲ್ಲಿ ನನ್ನನ್ನು ಮೀರಿಸುವವರು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಯಾರೂ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನಿಗೆ ಇಷ್ಟಾದರೂ ಗೊತ್ತಿರಬೇಡವೆ? ನನ್ನ ಹೆಂಡತಿ ಪದ್ಮಳಿಗೆ ಮಾತ್ರ ಈ ನಂಬಿಕೆ ಇರಲಿಲ್ಲ. ನಂಬಿಕೆಯ ವಿಷಯದಲ್ಲಿ ಯಾರಿಗೂ ಬಲವಂತ ಮಾಡಬಾರದೆಂದು ನಾನೂ ಸುಮ್ಮನಿದ್ದೆ.

ಪದ್ಮಳ ಚಿಕ್ಕಪ್ಪ ಮುನಿವೆಂಕಟಪ್ಪನವರು ದಿಬ್ಬೂರಹಳ್ಳಿಯವರು. ಪ್ರಾಯದಲ್ಲಿ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದವರು. ಆ ಟ್ರಂಪೆಟ್ ಎಂದೋ ಟ್ರ್ಯಾಕ್ಟರ್ ಚಕ್ರಕ್ಕೆ ಸಿಕ್ಕಿ ದೋಸೆಯಾಗಿತ್ತು. ಅದಾದ ಮೇಲೆ ಅವರು ಊದುವುದನ್ನೇ ಬಿಟ್ಟಿದ್ದರು. ಈಗ ಮೊಮ್ಮಗಳು ಕಾವ್ಯಳ ಮದುವೆ ನಿಶ್ಚಯವಾಗಿತ್ತು. "ತಾತ, ಗಂಡಿನ ಕಡೆಯೋರು ಬಂದಾಗ ನೀನೇ ಊದ್ಬೇಕು. ನೀನು ಊದ್ಲಿಲ್ಲ ಅಂದ್ರೆ ನಾನು ರೂಮಿಂದ ಹೊರಗೇ ಬರಲ್ಲ" ಎಂದು ಅವಳು ಹಟ ಹಿಡಿದಿದ್ದಳು.

"ಅಳಿಯಂದ್ರೇ, ಬೆಂಗಳೂರಿಂದ ಒಂದು ತುತ್ತೂರಿ ತಂದ್ಕೊಡಿ" ಎಂದರು ಮಾವ. "ಮೀರತ್ ಕಡೆಯದು ಸಿಕ್ತದೆ. ಅದಾದ್ರೆ ಸಾಕು."

"ಮೀರತ್ತೇ? ಅದು ಕತ್ತರಿ ಮಾಡೋ ಊರು ಮಾವ! ನಿಮ್ಮಂಥ ಕಲಾವಿದರ ಕೈಗೆ ಲಂಡನ್ನಿಂದೇ ಬರಬೇಕು. ನನಗೆ ಬಿಡಿ."

"ಬಿಡ್ಬೇಡಿ ಚಿಕ್ಕಪ್ಪ" ಎಂದಳು ಪದ್ಮ. ಅವರು ಬಿಟ್ಟುಬಿಟ್ಟರು.

ಬೆಂಗಳೂರಿನ ಅಂಗಡಿಯವನು ಮೇಜಿನ ಮೇಲೆ ಎರಡು ಟ್ರಂಪೆಟ್ ಇಟ್ಟ. ಒಂದರ ಮೇಲೆ ಏನೂ ಬರೆದಿರಲಿಲ್ಲ. ಇನ್ನೊಂದರ ಮೇಲೆ ಕಿರೀಟ ಹೊತ್ತ ಸಿಂಹ. ಅದರ ಕೆಳಗೆ 'ಬ್ರಾಮ್‌ಫೀಲ್ಡ್ ಅಂಡ್ ಸನ್ಸ್, ಲಂಡನ್' ಎಂಬ ಬಳುಕು ಅಕ್ಷರ! ಸಿಂಹ ನೋಡಲು ಸ್ವಲ್ಪ ನಾಯಿಯ ಹಾಗಿತ್ತು. ಆ ದೇಶದ ಚಳಿಗೆ ಹಾಗಾಗಿರಬಹುದು.

"ಎರಡೂ ಒಂದೇ ಸಾರ್" ಎಂದ ಅಂಗಡಿಯವನು. "ಹೆಸರು ಬೇಕು ಅಂದ್ರೆ ಇದು, ಬೇಡ ಅಂದ್ರೆ ಅದು."

ಪಾಪ, ತನ್ನ ಅಂಗಡಿಯಲ್ಲಿರುವ ರತ್ನ ತನಗೇ ಗೊತ್ತಿಲ್ಲ! ನಾನು ಕನಿಕರದಿಂದ ನಕ್ಕೆ. ಉಗುರಿನಿಂದ ತಟ್ಟಿ ನಾದ ಪರೀಕ್ಷಿಸಿದೆ. ಮೂಸಿ ನೋಡಿದೆ. ಏಕೆ ಮೂಸಿದೆನೆಂದು ಈಗ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹಿಂದೆ ಮುಂದೆ ನೋಡದೆ ಸಿಂಹವನ್ನೇ ಕೊಂಡೆ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಸೀಟಿನವರಿಗೆ ಬ್ರಾಮ್‌ಫೀಲ್ಡ್ ವಂಶದ ಇತಿಹಾಸ ಹೇಳಿದೆ. ಅಪ್ಪ ಬ್ರಾಮ್‌ಫೀಲ್ಡ್ ರಾಜಮನೆತನದ ಸೈನ್ಯಕ್ಕೆ ಕಹಳೆ ಮಾಡಿಕೊಟ್ಟದ್ದು, ಮಕ್ಕಳು ಕುಲಕಸುಬನ್ನು ಕೈಬಿಡದಿದ್ದದ್ದು, ಎಲ್ಲವನ್ನೂ ಹೇಳಿದೆ. ಈ ಇತಿಹಾಸ ನನಗೆ ಯಾವಾಗ ಗೊತ್ತಾಯಿತೆಂದರೆ, ಹೇಳುವಾಗಲೇ ಗೊತ್ತಾಯಿತು! ಅವರು ಇಳಿಯಬೇಕಾದ ಶಿಡ್ಲಘಟ್ಟಕ್ಕಿಂತ ಮೊದಲೇ, ವಿಜಯಪುರದಲ್ಲೇ ಇಳಿದುಹೋದರು.

ಮಾವ ಸಿಂಹವನ್ನು ನೋಡಿದ್ದೇ ತಡ, ಮೀರತ್ತನ್ನು ಮರೆತರು. ಒಂದು ಸಲ ಊದಿ, ಕಣ್ಣೊರೆಸಿಕೊಂಡು, ಟ್ರಂಪೆಟ್ಟನ್ನು ಶಾಲಿನಲ್ಲಿ ಸುತ್ತಿ ಊರೆಲ್ಲ ತೋರಿಸಿ ಬಂದರು. ದಿಬ್ಬೂರಹಳ್ಳಿಯಲ್ಲಿ ಅಂದಿನಿಂದ ಅವರು 'ಲಂಡನ್ ಮುನಿವೆಂಕಟಪ್ಪ'.

ನಾನು ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹದ ಅವಶ್ಯಕತೆಯೇ ಇರುತ್ತಿರಲಿಲ್ಲ.

ಮದುವೆಯ ಹಿಂದಿನ ದಿನ ಗೌರಿಬಿದನೂರಿನ ಕಲ್ಯಾಣ ಮಂಟಪದಲ್ಲಿ ಎಲ್ಲರೂ ಕೆಲಸದಲ್ಲಿದ್ದಾಗ ನನಗೊಬ್ಬನಿಗೇ ಕೆಲಸವಿರಲಿಲ್ಲ. ಟ್ರಂಪೆಟ್ಟಿನ ಮೂರು ಗುಂಡಿಗಳನ್ನು ಒತ್ತಿ ನೋಡಿದೆ. ಸ್ವಲ್ಪ ಬಿಗಿಯೆನಿಸಿತು. ಯಂತ್ರವೆಂದ ಮೇಲೆ ಎಣ್ಣೆ ಬೇಕು. ಪದ್ಮಳ ಚೀಲದಲ್ಲಿ ಒಳ್ಳೆಯ ಗಾಣದ ಕೊಬ್ಬರಿ ಎಣ್ಣೆಯಿತ್ತು. ಪರದೇಶದಿಂದ ಬಂದ ಅತಿಥಿಗೆ ಜಿಪುಣತನ ತೋರಬಾರದೆಂದು ಧಾರಾಳವಾಗಿ ಸುರಿದೆ. ಗುಂಡಿಗಳು ಬೆಣ್ಣೆಯಂತೆ ಓಡಾಡಿದವು! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅದು ಮಾಘದ ಚಳಿ. ಮಾಘದ ಬೆಳಗ್ಗೆ ಕೊಬ್ಬರಿ ಎಣ್ಣೆ ಏನಾಗುತ್ತದೆಂದು ತಲೆಗೆ ಎಣ್ಣೆ ಹಚ್ಚುವ ಯಾರಿಗಾದರೂ ಗೊತ್ತು. ನನಗೆ ಹಚ್ಚಲು ಕೂದಲಿಲ್ಲ.

ಬೆಳಗ್ಗೆ ನಗರಗೆರೆಯಿಂದ ಗಂಡಿನ ದಿಬ್ಬಣ ಬಂತು. ಗಂಡು ಕಾರಿನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟ. ಡ್ರಮ್ಮಿನವರು ಕೈಯೆತ್ತಿದರು. ಜರಿಪೇಟ ಸುತ್ತಿದ್ದ ಮಾವ ಟ್ರಂಪೆಟ್ಟನ್ನು ತುಟಿಗಿಟ್ಟು, ಗುಂಡಿಯೊತ್ತಿ ಊದಿದರು.

ಪೋಂ.

ಮತ್ತೆ ಊದಿದರು. ಪೋಂ. ಒತ್ತಿದ ಗುಂಡಿ ಮೇಲೇಳಲಿಲ್ಲ. ಇನ್ನೊಂದನ್ನು ಒತ್ತಿದರು, ಅದೂ ಒಳಗೇ ಕೂತಿತು. ಮದುವೆಯ ಆ ಸಂಭ್ರಮದಲ್ಲಿ ಎಮ್ಮೆ ಕರೆದಂತಹ ಆ ಒಂದೇ ಸ್ವರ! ಗಂಡಿನ ಸೋದರಮಾವ ಗಟ್ಟಿಯಾಗಿಯೇ "ಏಮಯ್ಯಾ ಇದಿ?" ಎಂದು ತೆಲುಗಿನಲ್ಲಿ ಕೇಳಿದರು. ಮಾವನ ಮುಖ ಸಣ್ಣದಾಯಿತು. ಒಳಗಿನಿಂದ ಸುದ್ದಿ ಬಂತು: ತಾತ ಊದುವವರೆಗೆ ಕಾವ್ಯ ರೂಮಿನ ಚಿಲಕ ತೆಗೆಯುವುದಿಲ್ಲವಂತೆ.

ಯಾರೋ ಸ್ಪ್ಯಾನರ್ ತರಲು ಹೊರಟರು. "ಯಾರೂ ಮುಟ್ಟಬೇಡಿ!" ಎಂದು ನಾನು ಗರ್ಜಿಸಿದೆ. "ಇದು ಲಂಡನ್ ಮಾಲು. ಕಂಪನಿಗೇ ಫೋನ್ ಮಾಡ್ತೀನಿ."

ಟ್ರಂಪೆಟ್ ಬಂದಿದ್ದ ಡಬ್ಬಿಯ ಮೇಲೊಂದು ಫೋನ್ ನಂಬರಿತ್ತು. "ಇದು ನಮ್ ದೇಶದ್ದೇ ನಂಬರ್ ಅಲ್ವೇನ್ರೀ?" ಎಂದಳು ಪದ್ಮ. ದೊಡ್ಡ ಕಂಪನಿಗಳಿಗೆ ಎಲ್ಲ ದೇಶದಲ್ಲೂ ಶಾಖೆಗಳಿರುತ್ತವೆಂದು ಅವಳಿಗೆ ತಿಳಿಸಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಗಂಟಲು ಸರಿಮಾಡಿಕೊಂಡೆ.

"ಗುಡ್ ಮಾರ್ನಿಂಗ್. ಐ ಆಮ್ ಸ್ಪೀಕಿಂಗ್ ಫ್ರಮ್ ಗೌರಿಬಿದನೂರ್. ಮೇ ಐ ಸ್ಪೀಕ್ ಟು ಮಿಸ್ಟರ್ ಬ್ರಾಮ್‌ಫೀಲ್ಡ್?"

ಆ ಕಡೆಯಿಂದ ಸುತ್ತಿಗೆಯ ಠಣಠಣ ಕೇಳಿಸಿತು. ಹಿಂದೆಯೇ ಒಂದು ಕೋಳಿ ಕೂಗಿತು. ಆಮೇಲೆ ಒಂದು ಗಂಡು ದನಿ: "ಹಾಂ ಜೀ, ಬೋಲಿಯೇ!"

ನನ್ನ ಹಿಂದಿ ಅಲ್ಲಿಗೆ ಮುಗಿಯಿತು. ಪುಣ್ಯಕ್ಕೆ, ನಮ್ಮ ಶಾಲೆಯ ಗಣಿತದ ಟೀಚರ್ ಶಬಾನಾ ಮೇಡಂ ಮದುವೆಗೆ ಬಂದಿದ್ದರು. ಫೋನ್ ತೆಗೆದುಕೊಂಡು ಉರ್ದುವಿನಲ್ಲಿ ಮಾತಾಡಿ, ಪ್ರತಿಯೊಂದನ್ನೂ ಕನ್ನಡದಲ್ಲಿ ಸಭೆಗೆ ಗಟ್ಟಿಯಾಗಿ ಹೇಳಿದರು. ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲ.

"ಸಾರ್, ಇದು ಮೀರತ್ ಅಂತೆ."

"ಶಾಖೆಯಾ?"

"ಶಾಖೆ ಅಲ್ಲ ಸಾರ್, ಪೂರ್ತಿ ಇಲ್ಲೇ ಅಂತಾರೆ. ಆ ಹೆಸರಿನ ಕಂಪನಿ ಲಂಡನ್ನಲ್ಲಿ ಮುಚ್ಚಿ ಕಾಲ ಆಗೋಯ್ತಂತೆ. ಹೆಸರು ಸುಮ್ನೆ ಬಿದ್ದಿತ್ತಂತೆ, ಇವ್ರು ಹಾಕೊಂಡ್ರಂತೆ. ಹೆಸರಿಲ್ದೇ ಇರೋದೂ ಇವ್ರದ್ದೇ ಅಂತೆ. ಪ್ಯಾರಿಸ್ ಹೆಸರಿಂದೂ ಇದೆಯಂತೆ, ಬೇಕಾ ಅಂತ ಕೇಳ್ತಿದಾರೆ."

ಗಂಡು ಇನ್ನೂ ಒಂದೇ ಕಾಲು ಹೊರಗಿಟ್ಟುಕೊಂಡು ಕೂತಿದ್ದ.

"ಗುಂಡಿಗೆ ಯಾವ ಎಣ್ಣೆ ಹಾಕಿದ್ರಿ ಅಂತ ಕೇಳ್ತಿದಾರೆ ಸಾರ್."

"ಕೊಬ್ಬರಿ" ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ. ಮೇಡಂ ಅದನ್ನೂ ಗಟ್ಟಿಯಾಗಿಯೇ ತರ್ಜುಮೆ ಮಾಡಿದರು.

ಸುತ್ತಿಗೆಯ ಸದ್ದು ನಿಂತಿತು. ಆ ಮನುಷ್ಯ ಅಲ್ಲಿದ್ದವರಿಗೆಲ್ಲ ಏನೋ ಹೇಳಿದ. ಮೀರತ್ತಿನಲ್ಲಿ ಒಂದು ಕಾರ್ಖಾನೆ ತುಂಬ ಜನ ಒಟ್ಟಿಗೆ ನಕ್ಕಿದ್ದನ್ನು ಗೌರಿಬಿದನೂರಿನಲ್ಲಿ ನಿಂತು ಕೇಳಿದವರು ನಾವು ಮಾತ್ರ ಇರಬೇಕು.

ಆಮೇಲಿನ ಚಿಕಿತ್ಸೆ ಅವರ ಆದೇಶದಂತೆ ನಡೆಯಿತು. ಅಡಿಗೆಯವರು ಗೊಣಗುತ್ತಾ ಬಕೆಟ್ಟಿಗೆ ಬಿಸಿನೀರು ಬಗ್ಗಿಸಿದರು. ಬ್ರಾಮ್‌ಫೀಲ್ಡ್ ಅಂಡ್ ಸನ್ಸ್ ಅದರಲ್ಲಿ ಅಭ್ಯಂಜನ ಮಾಡಿದರು. ನೀರಿನ ಮೇಲೆ ಎಣ್ಣೆ ತೇಲಿತು. ಎದುರಿನ ಟೈಲರ್ ಅಂಗಡಿಯಿಂದ ಹೊಲಿಗೆ ಮಿಷನ್ ಎಣ್ಣೆ ತಂದು ಒಂದೊಂದು ತೊಟ್ಟು ಬಿಟ್ಟದ್ದಾಯಿತು.

ಮಾವ ಊದಿದರು. ಏನು ನಾದ! ಡ್ರಮ್ಮು ಎದ್ದಿತು, ಗಂಡಿನ ಇನ್ನೊಂದು ಕಾಲೂ ಹೊರಬಂತು, ಕಾವ್ಯಳ ಚಿಲಕ ತೆರೆಯಿತು. 'ಏಮಯ್ಯಾ' ಎಂದಿದ್ದ ಸೋದರಮಾವನೇ ಮುಂದೆ ನಿಂತು ಕುಣಿದರು. ಮಾವನ ಕೆನ್ನೆಗಳು ಬಲೂನಿನಂತೆ ಉಬ್ಬಿ, ಕಣ್ಣಲ್ಲಿ ನೀರಿತ್ತು. ಮೀರತ್ತಿನ ಕೈಗಳ ಬಗ್ಗೆ ನಾನು ಆಡಿದ್ದ ಮಾತೆಲ್ಲ ಆ ಸ್ವರದ ಮುಂದೆ ತೆಪ್ಪಗಾಯಿತು.

ಊಟದ ಪಂಕ್ತಿಯಲ್ಲಿ ಮಾವ ನನ್ನ ಕಿವಿಯ ಹತ್ತಿರ ಬಗ್ಗಿದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

"ಅಳಿಯಂದ್ರೇ, ದಿಬ್ಬೂರಹಳ್ಳೀಲಿ ಮಾತ್ರ ಹೇಳ್ಬೇಡಿ" ಎಂದರು.

ಮಾರನೆಯ ದಿನ ಮೀರತ್ತಿನವನೇ ಫೋನ್ ಮಾಡಿದ. ಹುಷಾರಾಗಿ ಒಬ್ಬ ಕನ್ನಡದವನನ್ನು ಪಕ್ಕದಲ್ಲಿಟ್ಟುಕೊಂಡಿದ್ದ. ಅವನು ಹೇಳಿದ: "ಮೇಷ್ಟ್ರೇ, ನಮ್ ಯಜಮಾನ್ರಿಗೆ ನಿಮ್ ಇಂಗ್ಲಿಷ್ ತುಂಬ ಹಿಡಿಸ್ತಂತೆ. ಸೌತ್ ಕಡೆಯೋರು ಯಾರಾದ್ರೂ ತುತ್ತೂರಿ ಬಗ್ಗೆ ಏನಾದ್ರೂ ಕೇಳಿದ್ರೆ ನಿಮ್ ನಂಬರ್ ಕೊಡ್ಲಾ ಅಂತಿದಾರೆ."

ಆ ಹೊಗಳಿಕೆ ಕೇಳಿದವನಿಗೆ ಹಿಂದಿನ ದಿನದ ಬಕೆಟ್ ನೆನಪಿಗೆ ಬರಬೇಕಿತ್ತು. ಬರಲಿಲ್ಲ. "ಅದಕ್ಕೇನಂತೆ, ಕೊಡಿ" ಎಂದುಬಿಟ್ಟೆ.

ಮೊನ್ನೆ ಭಾನುವಾರ ಮನೆಯಲ್ಲಿ ಅವರೆಕಾಳು ಹಿದುಕುತ್ತ ಕೂತಿದ್ದಾಗ ಫೋನ್ ಬಂತು. ಮದನಪಲ್ಲಿ ಕಡೆಯ ಬ್ಯಾಂಡಿನವರು. ತುಂಬ ಮರ್ಯಾದೆಯಿಂದ ತೆಲುಗಿನಲ್ಲಿ ಕೇಳಿದರು: "ಸಾರ್, ಲಂಡನಾ ಅಂಡಿ?"

ಪದ್ಮ ಕಾಳು ಹಿದುಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಲ್ಲ, ಶಿಡ್ಲಘಟ್ಟ" ಎಂದೆ ಪ್ರಾಮಾಣಿಕವಾಗಿ.

ಆತ ಸ್ವಲ್ಪ ಯೋಚಿಸಿ, ಅದು ಲಂಡನ್ನಿನಲ್ಲಿ ಯಾವ ಕಡೆ ಬರುತ್ತದೆಂದು ಕೇಳಿದ.

ನಾನು ಸಮಾಜ ವಿಜ್ಞಾನದ ಮೇಷ್ಟ್ರು. ದಾರಿ ಕೇಳಿದವರಿಗೆ ಹೇಳದೆ ಇರಲಾಗುವುದಿಲ್ಲ.

"ವಿಜಯಪುರ ದಾಟಿದ ಮೇಲೆ" ಎಂದೆ.