ಕೆರೆ ಏರಿಯ ವೈನ್ ಅಂಗಡಿ, ಮೂರು ಶನಿವಾರ

ಪಣಕ್ಕಿದ್ದದ್ದು ಇಷ್ಟು: ಪ್ರತಿ ಶನಿವಾರ ಒಂದು ಟೂರಿಸ್ಟ್ ಬಸ್ಸು, ನಲವತ್ತು ಗಿರಾಕಿ. ಮಲೆನಾಡಿನ ಗೋಣಿಬೀಡಿನ ಹತ್ತಿರ ಕೆರೆ ಏರಿ ಪಕ್ಕದಲ್ಲಿ, ನಾವೇ ಮಾಡಿದ ದ್ರಾಕ್ಷಿ ವೈನ್ ಮಾರುವ ಅಂಗಡಿ ನನ್ನದು. ಟೂರ್ ಮ್ಯಾನೇಜರ್ ಹೇಳಿದ್ದ: "ಊರಿನ ಇತಿಹಾಸ, ನೋಡುವ ಜಾಗ ಎಲ್ಲ ನೀವೇ ತೋರಿಸ್ಬೇಕು. ಮೂರು ವಾರ ನೋಡ್ತೀನಿ. ವ್ಯಾಪಾರ ಆಗಿ ನನ್ನ ಕಮಿಷನ್ ಬಂದ್ರೆ ಬಸ್ಸು ಕಾಯಂ." ಬಿಡಬಾರದು ಅಂತ ತೀರ್ಮಾನಿಸಿದೆ. ಅಂಗಡಿ ಇಟ್ಟವನಿಗೆ ವಿಚಿತ್ರ ನಡೆಯದ ವಾರವೇ ಇಲ್ಲ. ಆ ಮೂರು ವಾರ ಮಾತ್ರ ಅತಿಯಾಯಿತು.

೧. ಇತಿಹಾಸ

"ರಾಜರ ಕಾಲದ ಕೆರೆ" ಅಂದೆ ಮೊದಲ ಬಸ್ಸಿನವರಿಗೆ. ಗಾಳ ಹಾಕಿ ಕೂತಿದ್ದ ಮುದುಕ ಗೌಡರು ತಿರುಗಿದರು. "ಯಾವ ರಾಜ ಮಾರಾಯ? ನಮ್ಮಪ್ಪ ತೋಡ್ಸಿದ್ದು. ನಾನೇ ಮಣ್ಣು ಹೊತ್ತಿದ್ದೀನಿ!"

ಬಸ್ಸಿನವರು ಕೆರೆ ಬಿಟ್ಟು ಗೌಡರ ಜೊತೆ ಫೋಟೊ ತೆಗೆಸಿಕೊಂಡರು. ಗೌಡರು ಮನೆಯಿಂದ ಜೇನುತುಪ್ಪ ತರಿಸಿ ಅಲ್ಲೇ ಮಾರಿದರು. ನನ್ನ ಅಂಗಡಿಗೆ ಬಂದವರು ಕೇಳಿದ್ದು ಒಂದೇ: "ಟಾಯ್ಲೆಟ್ ಎಲ್ಲಿದೆ?"

೨. ದ್ರಾಕ್ಷಿ ತೋಟ

ಎರಡನೇ ಬಸ್ಸಿನವರಿಗೆ ದ್ರಾಕ್ಷಿ ತೋಟ ನೋಡುವ ಹಟ. "ಈ ಮಳೆಗೆ ಇಲ್ಲಿ ದ್ರಾಕ್ಷಿ ಬೆಳೆಯಲ್ಲ, ಹಣ್ಣು ಬಯಲುಸೀಮೆಯಿಂದ ಬರ್ತದೆ" ಅಂದರೆ ಕೇಳುವವರಾರು? ಕಾಫಿಯನ್ನಾದರೂ ನೋಡಲಿ ಅಂತ ಪಕ್ಕದ ಎಸ್ಟೇಟಿಗೆ ಕರೆದೊಯ್ದೆ. ದಪ್ಪ ಮೀಸೆಯವರೊಬ್ಬರು ಮರಕ್ಕೆ ಹಬ್ಬಿದ ಬಳ್ಳಿ ತೋರಿಸಿ, "ಇದೇನು ಹಾಗಾದ್ರೆ? ನಮಗೇ ಸುಳ್ಳಾ?" ಎಂದು ಹಸಿರು ಗೊಂಚಲು ಕಿತ್ತು ಬಾಯಿಗೆ ಹಾಕಿಕೊಂಡರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ "ಸಾರ್, ಅದು ಕಾಳುಮೆಣಸು!" ಅನ್ನುವಷ್ಟರಲ್ಲಿ ಅಗಿದಾಗಿತ್ತು.

"ಹೇಗಿದೆ ರೀ?" ಹೆಂಡತಿ ಕೇಳಿದರು.

ಕಣ್ಣೊರೆಸಿಕೊಂಡು ಹೇಳಿದರು: "ಇನ್ನೂ... ಹಣ್ಣಾಗ್ಬೇಕು."

ಅಂದು ಎರಡು ಬಾಟಲಿ ಮಾರಿದೆ. ಎರಡೂ ನೀರಿನವು.

೩. ಇಂಬಳ

ಕೊನೇ ಶನಿವಾರ ಜಿಟಿಜಿಟಿ ಮಳೆ. ಮ್ಯಾನೇಜರ್ ಖುದ್ದಾಗಿ ಬಂದಿದ್ದ. ಕೆರೆ ಸುತ್ತಿ ಬಂದವರ ಕಾಲಿಗೆಲ್ಲ ಇಂಬಳ ಕಚ್ಚಿಕೊಂಡು ರಕ್ತ ಹೀರುತ್ತಿದ್ದವು. ಅಂಗಡಿ ತುಂಬ ಬೊಬ್ಬೆ. ಮ್ಯಾನೇಜರ್ ಕುರ್ಚಿ ಹತ್ತಿ ಕುಣಿಯುತ್ತಿದ್ದ. ಇಂಬಳ ಉದುರಿಸಲು ಹಾಕೋಣವೆಂದರೆ ಚಿಟಿಕೆ ಉಪ್ಪಿಲ್ಲ. ನನ್ನಾಕೆ ರುಚಿ ನೋಡಲು ಇಟ್ಟಿದ್ದ ವೈನ್ ಗ್ಲಾಸು ಎತ್ತಿ ಅವನ ಎಡಗಾಲಿಗೆ ಸುರಿದಳು. ಇಂಬಳ ಪಟಪಟ ಉದುರಿದವು.

"ಅಯ್ಯೋ, ಒಳ್ಳೇ ಮಾಲು ಕಣೇ!"

"ಸುಮ್ನಿರಿ. ಕುಡಿದವರು ಯಾವತ್ತಾದ್ರೂ ಇಷ್ಟು ಖುಷಿಪಟ್ಟಿದ್ದಾರಾ?"

"ನನಗೊಂದು ಬಾಟಲಿ!" "ನಮಗೆ ಎರಡು, ನಾಳೆ ಗುಡ್ಡ ಹತ್ತೋದಿದೆ!" ಎಂದು ಜನ ಮುತ್ತಿಕೊಂಡರು. ನಾನು ಬಾಟಲಿ ಹಿಡಿದು ಮ್ಯಾನೇಜರನ ಬಲಗಾಲಿನ ಹತ್ತಿರ ನಿಂತೆ. "ಬಸ್ಸಿನ ವಿಷಯ ಏನ್ಮಾಡಿದ್ರಿ?"

"ಕಾಯಂ! ಪ್ರತಿ ಶನಿವಾರ! ಮೊದಲು ಸುರೀರಿ ಮಾರಾಯ್ರೆ!"

ಸುರಿದೆ. ಒಟ್ಟು ಗಳಿಕೆ: ಬಸ್ಸು ಕಾಯಂ, ನಲವತ್ತೆಂಟು ಬಾಟಲಿ ಖರ್ಚು, ಕುಡಿದವರು ಒಬ್ಬರೂ ಇಲ್ಲ.