ಮಗ್ಗ ನಿಂತಾಗ ಕೇಳಿಸಿದ ಮಾತು

ಜೋಳದ ರೊಟ್ಟಿ ಬಡಿಯುವಾಗ ನನಗೆ ಕೀರ್ತನೆ ಹಾಡುವ ರೂಢಿ. ತಾಳಕ್ಕೆ ಸರಿಯಾಗಿ ಕೈ ಬಿದ್ದರೆ ರೊಟ್ಟಿ ದುಂಡಗಾಗುತ್ತದೆಂಬ ನಂಬಿಕೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಪವರ್‌ಲೂಮುಗಳ ಸದ್ದಿಗೆ ನನ್ನ ಹಾಡು ಯಾರಿಗೂ ಕೇಳಿಸುವುದಿಲ್ಲ. ಇದೂ ದೇವರ ಒಂದು ಸಣ್ಣ ಕೃಪೆಯೇ. ನನ್ನ ಮೇಲೋ ಓಣಿಯ ಮೇಲೋ ಎಂದು ಮಾತ್ರ ಕೇಳಬೇಡಿ. ಇಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತೇವೆ. ಗಂಡ ಹೆಂಡತಿಯ ಪ್ರೀತಿಯ ಮಾತೂ ದೂರದಿಂದ ಜಗಳದಂತೆ ಕಾಣುತ್ತದೆ. ಅಪಾಯವೆಲ್ಲ ಕರೆಂಟು ಹೋದಾಗ. ಮಗ್ಗಗಳು ಒಮ್ಮೆಲೇ ನಿಲ್ಲುತ್ತವೆ, ಬಾಯಿ ನಿಲ್ಲುವುದಿಲ್ಲ.

ಆ ಮುಂಜಾನೆ ಹಾಗೇ ಆಯಿತು. ಪಕ್ಕದ ಮನೆಯ ಕಾಶವ್ವ ಮಗ್ಗದ ಮುಂದಿದ್ದ ಗಂಡನಿಗೆ ಏನೋ ಕೂಗಿ ಹೇಳುತ್ತಿದ್ದಳು. ಕರೆಂಟು ಹೋಯಿತು. ಓಣಿಗೆಲ್ಲ ಕೇಳಿಸಿತು: “ರೂತಕ್ಕನ ರೊಟ್ಟಿ ತಿನ್ನೂದಕ್ಕಿಂತ ಕಾಲಾಗ ಹಾಕ್ಕೊಂಡ್ರ ಛಲೋ, ಬಾಳಿಕಿ ಬರತಾವ!”

ರೂತಕ್ಕ ಎಂದರೆ ನಾನೇ. ಅವರ ಮನೆಗೆ ಬೀಗರು ಬಂದಿದ್ದಾರೆಂದು ಹಿಂದಿನ ಸಂಜೆ ಬಿಸಿ ರೊಟ್ಟಿ ಕೊಟ್ಟು ಬಂದವಳೂ ನಾನೇ. ಓಣಿಯ ಆ ತುದಿಯಲ್ಲಿ ಯಾರೋ ನಕ್ಕರು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತು, ನಾನೂ.

ಅಂದಿನಿಂದ ಕಾಶವ್ವನಿಗೆ ಶಿಕ್ಷೆ ಕೊಡತೊಡಗಿದೆ. ಅವಳ ಮನೆ ದಾಟಿದರೆ ಹಿಟ್ಟಿನ ಗಿರಣಿ. ನಾನು ಜೋಳದ ಡಬ್ಬಿ ಹೊತ್ತು ಹಿಂದಿನ ಓಣಿ ಸುತ್ತಿ ಹೋದೆ. ಅವಳು ಮಾಳಿಗೆಯ ಮೇಲಿದ್ದರೆ ನನ್ನ ಒದ್ದೆ ಬಟ್ಟೆ ಬಕೆಟ್ಟಿನಲ್ಲೇ ಉಳಿದವು. ಸಂಜೆ ಕಟ್ಟೆಗೆ ಕೂಡುವುದೂ ನಿಂತಿತು. ಅವಳು ಅಲ್ಲಿ ಕೂತು ಎಷ್ಟು ನಗುತ್ತಿರಬಹುದೆಂದು ಒಳಗೆ ಕೂತು ಊಹಿಸುವುದೇ ನನ್ನ ಉದ್ಯೋಗವಾಯಿತು.

ನಮ್ಮ ಅತ್ತೆಯವರನ್ನು ನಾನು ಬೆರಗಿನಿಂದ ನೋಡುತ್ತೇನೆ. ಯಾರ ಮೇಲಿನ ಸಿಟ್ಟನ್ನೂ ಅವರು ಹಾಸಿಗೆಯ ತನಕ ತರುವುದಿಲ್ಲ. ತಲೆ ಇಟ್ಟರೆ ಗೊರಕೆ. ಅದು ವಯಸ್ಸಿನ ಗೊರಕೆ ಎಂದುಕೊಂಡಿದ್ದೆ. ಕ್ಷಮಿಸಿ ಮಲಗಿದವರ ಗೊರಕೆ ಎಂದು ನಿದ್ದೆ ಬಾರದ ಆ ವಾರ ತಿಳಿಯಿತು. ಶನಿವಾರ ಕೇಳಿದರು, “ಯವ್ವಾ ರೂತಾ, ನಾಳೆ ಪ್ರಭುಭೋಜನ ಐತಿ. ತಗೋತಿಯೇನ?”

ಪ್ರಭುಭೋಜನವೆಂದರೆ ಚರ್ಚಿನಲ್ಲಿ ಯೇಸುಸ್ವಾಮಿಯ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು; ಮನಸ್ಸಿನಲ್ಲಿ ಮುನಿಸಿಟ್ಟುಕೊಂಡು ಅದಕ್ಕೆ ಕೈಯೊಡ್ಡುವುದು ನಮ್ಮ ಸಭೆಯಲ್ಲಿ ಇಲ್ಲ.

“ತಪ್ಪ ಆಕಿದ್ರೀ ಅತ್ತಿ,” ಎಂದೆ.

“ಹೂಂ, ತಪ್ಪ ಆಕಿದು, ಸೆರಿಮನಿ ನಿಂದು. ಹಿಂದಿನ ಓಣಿ ಹಿಡದ ತಿರಗಾಕಿ ಯಾರು? ಕೀಲಿ ನಿನ್ನ ಸೆರಗಿನ್ಯಾಗ ಐತಿ, ತಗಿ.”

ಡಬ್ಬಿ ಹೊತ್ತು ಹೊರಟೆ. ಕಾಶವ್ವನ ಬಾಗಿಲಿಗೇ ಹೋಗಬೇಕೆಂದಿದ್ದೆ. ಕಾಲುಗಳು ರೂಢಿಯಂತೆ ಹಿಂದಿನ ಓಣಿಗೆ ತಿರುಗಿದವು. ಅಲ್ಲಿ ನೋಡಿದರೆ ಎದುರಿಗೆ ಕಾಶವ್ವ, ಸೊಂಟದ ಮೇಲೆ ಕೊಡ!

“ನೀ ಯಾಕ ಇತ್ಲಾಗ ಬೇ?”

“ನಳಕ್ಕ ಹೊಂಟೇನ್ರೀ ಅಕ್ಕಾ. ನಿಮ್ಮ ಬಾಗಲಾ ಹಾಯಾಕ ಮಾರಿ ಇಲ್ಲ.”

ಅವಳೂ ಅಷ್ಟು ದಿನ ನೀರು ಹೊತ್ತು ಸುತ್ತುತ್ತಿದ್ದಳು! ನಾನು ನಕ್ಕುಬಿಟ್ಟೆ. “ಸಾಕ ಬಿಡ ಕಾಶವ್ವಾ, ನನ್ನ ಮನಸಿನ್ಯಾಗ ಏನೂ ಇಲ್ಲ,” ಎಂದೆ. ಹೇಳಿದ ಮೇಲೆ ಖರೇನೇ ಏನೂ ಇರಲಿಲ್ಲ. ಅವಳು ಕಣ್ಣೊರೆಸಿಕೊಂಡಳು. “ತಪ್ಪಾತ್ರೀ ಅಕ್ಕಾ. ನನ್ನ ನಾಲಿಗಿಗೆ ಬೆಂಕಿ ಹಾಕ.” ಕಣ್ಣೀರು ಇನ್ನೂ ಆರಿರಲಿಲ್ಲ, ಮುಂದುವರಿಸಿದಳು, “ಆದ್ರ ನೀವು ನೀರ ಛಲೋ ಕುದಿಸಿ ಹಿಟ್ಟ ನಾದ್ರಿ. ರೊಟ್ಟಿ ಖರೇನ ಬಿರಸ ಆಗತಾವ.”

ಕ್ಷಮೆ ಮುಗಿಯಿತು ಎನ್ನುವಷ್ಟರಲ್ಲಿ ದೀನತೆಯ ಪರೀಕ್ಷೆ. ಅದನ್ನೂ ನುಂಗಿದೆ. ಮೊದಲು ಗಿರಣಿಗೆ, ಆಮೇಲೆ ನಳಕ್ಕೆ ಎಂದು ಇಬ್ಬರೂ ಕೂಡಿ ಮುಂದಿನ ಓಣಿಯಿಂದಲೇ ನಡೆದೆವು. ಅಷ್ಟು ಸಣ್ಣ ಓಣಿ ಅಂದು ಎಷ್ಟು ಅಗಲ ಕಂಡಿತೆಂದರೆ, ಡಬ್ಬಿಯ ಭಾರವೇ ಮರೆತುಹೋಯಿತು. ಭಾನುವಾರ ನಿರಾಳವಾಗಿ ಕೈಯೊಡ್ಡಿದೆ.

ಸೋಮವಾರ ಕುದಿನೀರಿನಲ್ಲಿ ಹಿಟ್ಟು ನಾದಿದೆ. ರೊಟ್ಟಿ ಪೂರಿಯಂತೆ ಉಬ್ಬಿತು. ಅತ್ತೆ ಒಂದು ತುತ್ತು ಮುರಿದು, ಮಗ್ಗದ ಸದ್ದು ಮೀರಿಸಿ ಕೂಗಿದರು, “ಕಾಶವ್ವ ಹೇಳಿದ್ದ ಖರೆ ನೋಡವಾ!” ಕರೆಂಟು ಹೋಯಿತು. “ಇಷ್ಟ ವರ್ಷ ಚಪ್ಪಲಿನ ತಿಂದ್ವಿ!”

ಓಣಿಗೆ ಓಣಿಯೇ ನಕ್ಕಿತು. ಕಾಶವ್ವನ ನಗು ಎಲ್ಲಕ್ಕಿಂತ ಜೋರು. ನಾನು ಸೆರಗು ಸಿಕ್ಕಿಸಿಕೊಂಡು ಮುಂದಿನ ರೊಟ್ಟಿ ಬಡಿಯತೊಡಗಿದೆ. ಕರೆಂಟು ಇನ್ನೂ ಬಂದಿರಲಿಲ್ಲ. ಆದರೂ ಕೀರ್ತನೆಯನ್ನು ದೊಡ್ಡ ದನಿಯಲ್ಲೇ ಎತ್ತಿದೆ. ಓಣಿಯವರೂ ಕ್ಷಮಿಸುವುದನ್ನು ಕಲಿಯಲಿ.